ಕ್ರೂಸ್ ಪ್ರವಾಸ ನಮ್ಮ ಮನೆಯವರಿಗೆ ಹೊಂದುತ್ತದೆಯೇ? ಮುಂಬೈ–ಗೋವಾ ಹಡಗೋ, ಸಿಂಗಾಪುರವೋ, ಸುಮ್ಮನೆ ಗೋವಾದಲ್ಲಿ ಹೋಟೆಲೋ?

ಠಾಣೆ_ಸೊಸೆ

ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ಐದು ಜನ ಹೊರಡಬೇಕೆಂದಿದ್ದೇವೆ: ನಾವಿಬ್ಬರು, 8 ವರ್ಷದ ಮಗಳು, ಮಾವ (71), ಅತ್ತೆ (67). ಅತ್ತೆಗೆ ಎರಡೂ ಮಂಡಿ ನೋವು, ಹತ್ತು ನಿಮಿಷ ನಡೆದರೆ ಕೂರಲೇಬೇಕು. ಊಟದಲ್ಲಿ ಈರುಳ್ಳಿ, ಬೆಳ್ಳುಳ್ಳಿ ಆಗದು. ಮಾವನಿಗೆ ಬಿಪಿ ಮಾತ್ರೆ, ಪ್ರಾಸ್ಟೇಟ್ ಮಾತ್ರೆ ನಡೆಯುತ್ತಿವೆ. ಮಗಳಿಗೆ ಕಾರಿನಲ್ಲಿ ಘಾಟಿ ಹತ್ತಿದರೆ ಹೊಟ್ಟೆ ತೊಳಸುತ್ತದೆ.

ನೋಡಿಟ್ಟಿರುವ ದಾರಿಗಳು: ಮುಂಬೈಯಿಂದ ಗೋವಾಕ್ಕೆ ಹೋಗಿಬರುವ 2–3 ರಾತ್ರಿಯ ಹಡಗು, ಮುಂಬೈಯಿಂದಲೇ ಲಕ್ಷದ್ವೀಪದ ಹಡಗು, ಸಿಂಗಾಪುರದಿಂದ ಹೊರಡುವ 4 ರಾತ್ರಿಯ ಹಡಗು. ಇವ್ಯಾವುವೂ ಬೇಡವೆಂದರೆ ಗೋವಾದಲ್ಲಿ ಹೋಟೆಲ್. ಎಲ್ಲ ಜಾಹೀರಾತುಗಳೂ ಚೆಂದವೇ ಕಾಣುತ್ತವೆ. ನಮ್ಮಂಥ ಮನೆಗೆ ಇದು ಸರಿಹೋಗುತ್ತದೆಯೇ, ವಾಂತಿಯ ಕಾಟ ಎಷ್ಟು, ಜಾಹೀರಾತಿನ ದರದ ಮೇಲೆ ಇನ್ನೇನೇನು ಕಟ್ಟಬೇಕು, ಇಷ್ಟು ತಿಳಿದವರು ಹೇಳಿ.

ಬಲ್ಲಾರ್ಡ್_ಪಿಯರ್

ಮೊದಲು ಮನೆಯಲ್ಲಿ ಒಂದು ಪ್ರಶ್ನೆ ಕೇಳಿಕೊಳ್ಳಿ: ನಿಮಗೆ ಊರು ನೋಡಬೇಕೋ, ಒಂದೇ ಕಡೆ ಕೂತು ಸಮುದ್ರ ನೋಡಬೇಕೋ? ಗೋವಾ ನೋಡುವ ಆಸೆಗೆ ಹಡಗು ಹತ್ತಬೇಡಿ. ಮುಂಬೈಯಿಂದ ಮುರ್ಮುಗೋವಾ ಬಂದರಿಗೆ ಸಮುದ್ರದಲ್ಲಿ ಸುಮಾರು 230 ನಾಟಿಕಲ್ ಮೈಲಿ, ಅಂದರೆ 425 ಕಿಲೋಮೀಟರ್. ಗಂಟೆಗೆ 15 ನಾಟಿಕಲ್ ಮೈಲಿಯಂತೆ ಹೋದರೂ 15 ಗಂಟೆ ಬೇಕು. ಹಾಗಾಗಿ ಎರಡು ರಾತ್ರಿಯ ಪ್ರವಾಸದಲ್ಲಿ ಎರಡೂ ರಾತ್ರಿ ಹಡಗು ಓಡುತ್ತಿರುತ್ತದೆ, ನಡುವಿನ ಒಂದು ಹಗಲು ಮಾತ್ರ ಗೋವಾ. ಇಳಿಯುವ ಸಾಲು, ವಾಪಸ್ ಹತ್ತುವ ಗಡುವು ಕಳೆದರೆ ನಿಮ್ಮ ಕೈಗೆ ಐದಾರು ಗಂಟೆ ಉಳಿಯಬಹುದು. ಗೋವಾವನ್ನೇ ನೋಡಬೇಕಿದ್ದರೆ ಮುಂಬೈಯ ಸಿಎಸ್‌ಎಂಟಿ ನಿಲ್ದಾಣದಿಂದ ಗೋವಾದ ಮಡಗಾಂವ್‌ಗೆ ವಂದೇ ಭಾರತ್ ರೈಲು ಇದೆ. ಮಳೆಗಾಲ ಬಿಟ್ಟು ಉಳಿದ ದಿನಗಳಲ್ಲಿ ಸುಮಾರು ಎಂಟು ಗಂಟೆಯ ದಾರಿ.

ಹಡಗು ಹೊಂದುವುದು ಬೇರೆ ಕಾರಣಕ್ಕೆ. ಪೆಟ್ಟಿಗೆ ಒಮ್ಮೆ ಬಿಚ್ಚಿದರೆ ಮುಗಿಯಿತು. ಊಟ, ಆಟ, ಪ್ರದರ್ಶನ, ಮಲಗುವ ಮಂಚ ಎಲ್ಲವೂ ಲಿಫ್ಟ್‌ನ ದೂರದಲ್ಲಿ. ಮಗು ಮಕ್ಕಳ ಕೋಣೆಯಲ್ಲಿ ಆಡುತ್ತಿರುವಾಗ ಹಿರಿಯರು ಡೆಕ್ ಮೇಲೆ ಕೂತಿರಬಹುದು. ಮೂರು ತಲೆಮಾರು ಒಟ್ಟಿಗೆ ಹೊರಟಾಗ ಇದು ದೊಡ್ಡ ಅನುಕೂಲ. ಯಾರಿಗೆ ಹೊಂದುವುದಿಲ್ಲ ಎಂದರೆ, ಒಂಬತ್ತಕ್ಕೇ ಮಲಗಿ ಸದ್ದಿಲ್ಲದ ರಾತ್ರಿ ಬಯಸುವವರಿಗೆ, ಬೆಳಿಗ್ಗೆ ಗುಡಿ, ಮಾರುಕಟ್ಟೆ ಅಂತ ತಮ್ಮ ಪಾಡಿಗೆ ಸುತ್ತುವವರಿಗೆ, ಸಾಲಿನಲ್ಲಿ ನಿಲ್ಲಲಾಗದವರಿಗೆ. ವಾರಾಂತ್ಯದ ಮುಂಬೈ–ಗೋವಾ ಹಡಗಿನಲ್ಲಿ ಡೆಕ್ ಮೇಲೆ ಡಿಜೆ ತಡರಾತ್ರಿವರೆಗೂ ಇರುತ್ತದೆ. ಸೋಮವಾರದಿಂದ ಶುಕ್ರವಾರದ ನಡುವೆ ಹೊರಡುವ ಹಡಗು ಸಿಕ್ಕರೆ ಗದ್ದಲವೂ ಕಡಿಮೆ, ಸಾಮಾನ್ಯವಾಗಿ ದರವೂ ಕಡಿಮೆ.

ಮುಂಬೈಯಿಂದ ಈ ಪ್ರವಾಸಗಳನ್ನು ಕಾರ್ಡೆಲಿಯಾ ಎಂಬ ಹಡಗು ಕಂಪನಿ 2021ರ ಸೆಪ್ಟೆಂಬರಿನಲ್ಲಿ 'ಎಂಪ್ರೆಸ್' ಹಡಗಿನಿಂದ ಶುರುಮಾಡಿತು. 1990ರಲ್ಲಿ ಕಟ್ಟಿದ ಹಡಗು, ಸುಮಾರು 48,000 ಟನ್ನಿನದು, ಉದ್ದ 210 ಮೀಟರ್, ಕೋಣೆಗಳು ಸುಮಾರು 800. ಯೂಟ್ಯೂಬಿನಲ್ಲಿ ಕಾಣುವ ಎರಡು ಲಕ್ಷ ಟನ್ನಿಗೂ ಮೇಲಿನ ಅಮೆರಿಕದ ಹಡಗುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದರೆ ಈಜುಕೊಳ ಚಿಕ್ಕದೆನಿಸುತ್ತದೆ, ಕೋಣೆ ಇಕ್ಕಟ್ಟೆನಿಸುತ್ತದೆ. ಯಾವ ಹಡಗು, ಕಟ್ಟಿದ ವರ್ಷ, ಎಷ್ಟು ಟನ್ ಎಂಬುದನ್ನು ಬುಕಿಂಗ್‌ಗೆ ಮೊದಲೇ ನೋಡಿ.

210 ಮೀಟರ್ ಎಂದೆನಲ್ಲ, ನಿಮ್ಮ ಅತ್ತೆಗೆ ಇದೇ ಮುಖ್ಯ. ಕೋಣೆ ಒಂದು ತುದಿಯಲ್ಲಿ, ಊಟದ ಹಾಲ್ ಇನ್ನೊಂದು ತುದಿಯಲ್ಲಿ ಬಿದ್ದರೆ ದಿನಕ್ಕೆ ಮೂರು ಹೊತ್ತು ಊಟಕ್ಕೇ ಒಂದು ಕಿಲೋಮೀಟರಿನ ಮೇಲೆ ನಡೆಯಬೇಕಾಗುತ್ತದೆ. ಗಾಲಿಕುರ್ಚಿಯ ನೆರವು ಬೇಕೆಂದು ಬುಕಿಂಗ್‌ನಲ್ಲೇ ಬರೆಸಿ. ಅದರಿಂದ ಹತ್ತುವಾಗ ಸಾಲೂ ತಪ್ಪುತ್ತದೆ, ತುರ್ತು ಹೊತ್ತಿನಲ್ಲಿ ಯಾರಿಗೆ ಸಹಾಯ ಬೇಕೆಂಬ ಪಟ್ಟಿಯಲ್ಲೂ ಅವರ ಹೆಸರು ಸೇರುತ್ತದೆ. ಅಪಾಯದ ಗಂಟೆ ಹೊಡೆದಾಗ ಲಿಫ್ಟ್ ಹತ್ತುವಂತಿಲ್ಲ, ಮೆಟ್ಟಿಲೇ ಗತಿ. ಆದ್ದರಿಂದ ಇದನ್ನು ಸಂಕೋಚಪಟ್ಟುಕೊಂಡು ಬಿಡಬೇಡಿ.

ಕೋಣೆಯೊಳಗೂ ಒಂದು ಅಡ್ಡಿ ಇದೆ. ಬಚ್ಚಲಿನ ನೀರು ಕೋಣೆಗೆ ನುಗ್ಗದಿರಲೆಂದು ಬಾಗಿಲಿಗೆ ಅರ್ಧ ಗೇಣು ಎತ್ತರದ ಹೊಸ್ತಿಲು ಇರುತ್ತದೆ. ರಾತ್ರಿ ನಿದ್ದೆಗಣ್ಣಿನಲ್ಲಿ, ಹಡಗು ಓಲಾಡುವಾಗ ಮಂಡಿ ಎತ್ತಿ ಅದನ್ನು ದಾಟಬೇಕು. ಕಾಲು ತಾಕಿ ಬೀಳುವುದು ಅಲ್ಲೇ. ಸ್ನಾನದ ಜಾಗ ಇಬ್ಬರು ನಿಲ್ಲಲಾಗದಷ್ಟು ಚಿಕ್ಕದು, ಪರದೆ ಮೈಗೆ ಅಂಟುತ್ತದೆ. ಹಿಡಿಕೆಯನ್ನು ಮೊದಲೇ ಕೈಯಿಂದ ಜಗ್ಗಿ ನೋಡಿಕೊಳ್ಳಲಿ. ಬಚ್ಚಲ ದೀಪ ರಾತ್ರಿಯಿಡೀ ಉರಿಯಲಿ, ಬಾಗಿಲು ಒಂದಿಷ್ಟು ತೆರೆದಿರಲಿ. ಹೊಸ್ತಿಲಿಲ್ಲದ, ಗಾಲಿಕುರ್ಚಿ ಒಳಗೆ ಹೋಗುವಂಥ ಕೋಣೆಗಳು ಪ್ರತಿ ಹಡಗಿನಲ್ಲೂ ಕೆಲವೇ ಇರುತ್ತವೆ, ಬೇಗ ಮುಗಿಯುತ್ತವೆ.

ಲಕ್ಷದ್ವೀಪವನ್ನು ನಿಮ್ಮ ಪಟ್ಟಿಯಿಂದ ತೆಗೆದುಬಿಡಿ. ದೊಡ್ಡ ಹಡಗು ಅಲ್ಲಿ ದಡಕ್ಕೆ ತಾಗುವುದಿಲ್ಲ, ಆಳ ನೀರಿನಲ್ಲಿ ನಿಲ್ಲುತ್ತದೆ. ಪಕ್ಕದ ಬಾಗಿಲಿನಿಂದ ಚಿಕ್ಕ ದೋಣಿಗೆ ಇಳಿಯಬೇಕು. ದೋಣಿ ಅಲೆಗೆ ಮೇಲೆ ಕೆಳಗೆ ಆಗುತ್ತಿರುವಾಗ ಸರಿಯಾದ ಕ್ಷಣಕ್ಕೆ ಕಾಲಿಡಬೇಕು, ಸಿಬ್ಬಂದಿ ಎರಡೂ ಕಡೆ ತೋಳು ಹಿಡಿದಿರುತ್ತಾರೆ. ಮಂಡಿ ನೋವಿನವರಿಗೆ ಇದು ಆಗುವ ಮಾತಲ್ಲ. ಗಾಳಿ ಜೋರಾದರೆ ಇಳಿಸುವುದನ್ನೇ ರದ್ದು ಮಾಡುತ್ತಾರೆ.

ಕೋಥ್ರೂಡ್_ಡಾಕ್ಟರ್

ವಾಂತಿಯ ವಿಷಯ ನಾನು ಹೇಳುತ್ತೇನೆ. ಕಣ್ಣಿಗೆ ಕೋಣೆ ಅಲುಗಾಡದೆ ಕಾಣುತ್ತದೆ, ಒಳಕಿವಿ ಮಾತ್ರ ಅಲುಗಾಡುತ್ತಿದೆ ಎನ್ನುತ್ತದೆ. ಈ ಎರಡು ಸುದ್ದಿ ತಾಳೆಯಾಗದಾಗ ತಲೆ ತಿರುಗಿ ಹೊಟ್ಟೆ ತೊಳಸುತ್ತದೆ. ಅದಕ್ಕೇ ಕಿಟಕಿಯಿಲ್ಲದ ಕೋಣೆಯಲ್ಲಿ ಮೊಬೈಲ್ ನೋಡುತ್ತ ಮಲಗಿದರೆ ಹೆಚ್ಚುತ್ತದೆ, ಡೆಕ್‌ಗೆ ಬಂದು ದೂರದ ದಿಗಂತ ನೋಡಿದರೆ ಇಳಿಯುತ್ತದೆ.

ಹಡಗಿನ ಅಲುಗಾಟ ಎರಡು ಬಗೆ. ಎಡಬಲಕ್ಕೆ ಓಲಾಡುವುದು ಒಂದು. ಇದನ್ನು ನೀರಿನೊಳಗೆ ಚಾಚಿದ ರೆಕ್ಕೆಗಳು ಬಹುಮಟ್ಟಿಗೆ ತಗ್ಗಿಸುತ್ತವೆ, ಆದರೆ ಅವು ಕೆಲಸ ಮಾಡುವುದು ಹಡಗು ವೇಗದಲ್ಲಿ ಓಡುವಾಗ. ಮುಂಭಾಗ ಏಳುವುದು, ಹಿಂಭಾಗ ಬೀಳುವುದು ಇನ್ನೊಂದು. ಇದಕ್ಕೆ ರೆಕ್ಕೆಗಳಿಂದ ಉಪಯೋಗವಿಲ್ಲ. ತಕ್ಕಡಿಯ ದಂಡಿಗೆಯನ್ನು ನೆನೆಯಿರಿ, ತುದಿಗಳು ಏರಿಳಿದರೂ ನಡು ನಿಂತಲ್ಲೇ ಇರುತ್ತದೆ. ಕೋಣೆ ಹಡಗಿನ ನಡುಭಾಗದಲ್ಲಿ, ಕೆಳಗಿನ ಡೆಕ್‌ನಲ್ಲಿ ಇರಲಿ. ಹೆಚ್ಚು ದುಡ್ಡು ಕೊಟ್ಟು ತೀರ ಮೇಲಿನ, ತೀರ ಮುಂದಿನ ಕೋಣೆ ಹಿಡಿದವರೇ ಹೆಚ್ಚು ನರಳುವುದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರ ಕೆರಳಿರುತ್ತದೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಸಾಮಾನ್ಯವಾಗಿ ಶಾಂತ. ನೀವು ಜನವರಿ ಆರಿಸಿದ್ದು ಒಳ್ಳೆಯದೇ ಆಯಿತು.

ಮಾತ್ರೆಯ ಬಗ್ಗೆ ಎಚ್ಚರ ಬೇಕು. ಎಲ್ಲ ಮೆಡಿಕಲ್ ಅಂಗಡಿಯಲ್ಲೂ ಸಿಗುವ ಅವೋಮಿನ್ ಪ್ರಯಾಣಕ್ಕೆ ಒಂದೆರಡು ಗಂಟೆ ಮೊದಲು ತೆಗೆದುಕೊಳ್ಳುವಂಥದ್ದು. ವಾಂತಿ ಶುರುವಾದ ಮೇಲೆ ನುಂಗಿದರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಬಹಳ ಜನ ತಪ್ಪುವುದು ಇಲ್ಲೇ. ಇದರಿಂದ ತೂಕಡಿಕೆ ಬರುತ್ತದೆ, ಬಾಯಿ ಒಣಗುತ್ತದೆ. ನಿಮ್ಮ ಮಾವನವರಿಗೆ ಪ್ರಾಸ್ಟೇಟ್ ತೊಂದರೆ ಇದೆ ಎಂದಿರಿ. ಇಂಥ ಮಾತ್ರೆಗಳಿಂದ ಮೂತ್ರ ಕಟ್ಟಿಕೊಳ್ಳುವ ಅಪಾಯ ಅವರಂಥವರಿಗೇ ಹೆಚ್ಚು. ವಯಸ್ಸಾದವರಿಗೆ ಗಲಿಬಿಲಿ ಹಿಡಿಯುವುದು, ಬೀಳುವುದೂ ಉಂಟು. ಆದ್ದರಿಂದ ಅಂಗಡಿಯಿಂದ ತಂದು ಎಲ್ಲರಿಗೂ ಹಂಚಬೇಡಿ. ಮಾವನಿಗೆ ಯಾವುದು, ಮಗಳ ತೂಕಕ್ಕೆ ಎಷ್ಟು ಎಂದು ನಿಮ್ಮ ಮನೆ ಡಾಕ್ಟರನ್ನು ಕೇಳಿ ಚೀಟಿ ಬರೆಸಿಕೊಳ್ಳಿ. ಆ ಚೀಟಿ ಜೊತೆಯಲ್ಲೇ ಇರಲಿ, ತಪಾಸಣೆಯಲ್ಲೂ ಬೇಕಾಗುತ್ತದೆ.

ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ಸೇರಿದ್ದರೆ ಎರಡು ಮೂರು ಸಲ ವಾಂತಿಯಾದರೂ ನೀರಿನಂಶ ಬೇಗ ಇಳಿದು ತಲೆಸುತ್ತು ಬರುತ್ತದೆ. ಓಆರ್‌ಎಸ್ ಪೊಟ್ಟಣ ನಾಲ್ಕೈದು ಇಟ್ಟುಕೊಳ್ಳಿ. ಹಡಗಿನಲ್ಲಿ ಡಾಕ್ಟರ್, ಚಿಕ್ಕ ದವಾಖಾನೆ ಇರುತ್ತದೆ. ಆದರೆ ಎದೆನೋವಿನಂಥದ್ದು ಬಂದರೆ ತಾತ್ಕಾಲಿಕ ಚಿಕಿತ್ಸೆ ಕೊಟ್ಟು ದಡದ ಆಸ್ಪತ್ರೆಗೆ ಸಾಗಿಸಬೇಕು, ಅದಕ್ಕೆ ಗಂಟೆಗಟ್ಟಲೆ ಹಿಡಿಯಬಹುದು. ಇತ್ತೀಚೆಗೆ ಹೃದಯಾಘಾತವಾಗಿದ್ದರೆ, ಉಸಿರಾಟದ ತೊಂದರೆ ಹತೋಟಿಯಲ್ಲಿಲ್ಲದಿದ್ದರೆ ಸದ್ಯಕ್ಕೆ ಹಡಗು ಬೇಡವೆಂದೇ ಹೇಳುತ್ತೇನೆ. ಓದುವ ಇತರರಿಗಾಗಿ ಇನ್ನೊಂದು ಮಾತು: ಪ್ರವಾಸ ಮುಗಿಯುವುದರೊಳಗೆ 24 ವಾರ ತುಂಬುವ ಗರ್ಭಿಣಿಯರನ್ನು, 6 ತಿಂಗಳಾಗದ ಕೂಸುಗಳನ್ನು ಹೆಚ್ಚಿನ ಕಂಪನಿಗಳು ಹತ್ತಿಸಿಕೊಳ್ಳುವುದಿಲ್ಲ.

ಕೈ ತೊಳೆಯುವ ವಿಷಯ ಸಣ್ಣದೆಂದುಕೊಳ್ಳಬೇಡಿ. ಹಡಗುಗಳಲ್ಲಿ ಹರಡುವ, ವಾಂತಿ-ಭೇದಿ ತರುವ ನೊರೊವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ತಾಗುವುದಿಲ್ಲ. ಬಫೆಯ ಸೌಟು ಮುಟ್ಟಿದ ಮೇಲೆ, ತಿನ್ನುವ ಮೊದಲು, ಸೋಪು ಹಚ್ಚಿ 20 ಸೆಕೆಂಡ್ ತೊಳೆಯಬೇಕು.

ಮಗಳಿಗೆ ಮೊದಲೇ ಪರೀಕ್ಷೆ ಮಾಡಬೇಕೆಂದರೆ ಮುಂಬೈಯ ಭಾವುಚಾ ಧಕ್ಕಾದಿಂದ ಅಲಿಬಾಗ್ ಬಳಿಯ ಮಾಂಡವಾಕ್ಕೆ 2020ರಿಂದ ಓಡುತ್ತಿರುವ ರೋ-ರೋ (ವಾಹನಗಳನ್ನೂ ಸಾಗಿಸುವ) ಹಡಗಿದೆ, ಸುಮಾರು ಒಂದು ಗಂಟೆ. ಒಂದು ಭಾನುವಾರ ಹೋಗಿಬನ್ನಿ. ಅಲ್ಲಿಯ ನೀರು ತೆರೆದ ಸಮುದ್ರಕ್ಕಿಂತ ಶಾಂತ, ಆದ್ದರಿಂದ ಅಲ್ಲಿ ಏನೂ ಆಗದಿದ್ದರೆ ಪೂರ್ತಿ ಧೈರ್ಯ ಪಡುವಂತಿಲ್ಲ. ಆದರೆ ಅಷ್ಟರಲ್ಲೇ ವಾಂತಿಯಾದರೆ ಲೆಕ್ಕ ಸ್ಪಷ್ಟ, ನಾಲ್ಕು ರಾತ್ರಿಯ ಹಡಗು ಈ ವರ್ಷಕ್ಕೆ ಬೇಡ.

ವಾಸ್ಕೋ_ವಿಜಯಪುರ

ಅಕ್ಕಾರ, ಗೋವಾದಾಗ ಇಳಿಯೂದರ ಬಗ್ಗೆ ನಾ ಹೇಳ್ತೀನ್ರಿ. ಮೊದಲ ಒಂದು ಗೊಂದಲ ಬಗೆಹರಿಸಿಕೊಳ್ರಿ. ಪಣಜಿಯ ಸಾಂತಾ ಮೋನಿಕಾ ಜೆಟ್ಟಿಯಿಂದ ಸಂಜೀ ಮುಂದ ಮಾಂಡವಿ ನದಿಯೊಳಗ ಒಂದು ತಾಸು ಸುತ್ತಿಸೋ ದೋಣಿಗೂ 'ಕ್ರೂಸ್' ಅಂತಾರ. ಅದು ಬ್ಯಾರೆ, ನೀವು ಕೇಳೂದು ಬ್ಯಾರೆ. ಬುಕಿಂಗ್ ಸೈಟಿನ್ಯಾಗ ಎರಡೂ ಕಲಸಿಕೊಂಡು ಬರ್ತಾವ.

ನಿಮ್ಮ ಹಡಗ ನಿಲ್ಲೂದು ವಾಸ್ಕೋದ ಮುರ್ಮುಗೋವಾ ಬಂದರದಾಗ. ಅದು ಕಲ್ಲಿದ್ದಲು, ಅದಿರು ಇಳಿಸಿ ಏರಿಸೋ ಬಂದರ. ಒಳಗ ಕಾಲ್ನಡಿಗೀಲೆ ತಿರುಗಾಡಾಕ ಬಿಡೂದಿಲ್ಲ. ಬಸ್ಸಿನ್ಯಾಗ ಗೇಟಿನ ತನಕ ಬಿಟ್ಟ ಮ್ಯಾಲೆ ಗಾಡಿ ನೀವ ನೋಡ್ಕೋಬೇಕು. ಗೋವಾದಾಗ ಓಲಾ, ಊಬರ್ ಇಲ್ರಿ. ಹಿಂದಿನ ದಿನಾನ ಇಡೀ ದಿನದ ಟ್ಯಾಕ್ಸಿ ಮಾತಾಡಿ, ಎಲ್ಲೆಲ್ಲಿ ಹೋಗೂದು, ಎಷ್ಟು ರೊಕ್ಕ ಅಂತ ವಾಟ್ಸಾಪಿನ್ಯಾಗ ಬರಸ್ಕೊಂಡಿಟ್ಕೊಳ್ರಿ.

ಇಲ್ಲಿಂದ ಪಣಜಿ 30 ಕಿಲೋಮೀಟರ್, ಝುವಾರಿ ಹೊಸ ಸೇತುವೆ ಮ್ಯಾಲೆ ಒಂದು ತಾಸು ಹಿಡೀರಿ. ಮಂಗೇಶಿ ಗುಡಿಗೂ ತಾಸಿನ ಮ್ಯಾಲೇನ. ಕಲಂಗೂಟ್, ಬಾಗಾ ಅಂದ್ರ ಒಂದೂವರೆ ತಾಸು, ಸಂಜೀಕ ತಿರುಗಿ ಬರಾಗ ಟ್ರಾಫಿಕ್ ಸಿಕ್ಕರ ಎರಡು. ಹಿರ್ಯಾರು, ಸಣ್ಣ ಹುಡುಗಿ ಅದಾರಂದ್ರ ಉತ್ತರ ಗೋವಾದ ಕಡೆ ಹೋಗೂದ ಬ್ಯಾಡ್ರಿ. ಬೋಗ್ಮಾಲೋ ಬೀಚು ಹತ್ತರದಾಗ ಐತಿ. ಅದೇ ದಾರಿಯಾಗ ನೌಕಾಪಡೆಯ ವಿಮಾನ ಮ್ಯೂಸಿಯಂ ಐತಿ. ಸೀ ಹ್ಯಾರಿಯರ್, ಹಳೇ ಸೂಪರ್ ಕಾನ್‌ಸ್ಟೆಲೇಷನ್ ವಿಮಾನ ಅಂಗಳದಾಗ ನಿಂತಾವ, ಹುಡುಗಿ ಖುಷಿ ಪಡ್ತಾಳ. ಸೋಮವಾರ ಬಂದ್ ಇರ್ತೈತಿ. ಹಿರ್ಯಾರು ಹಡಗಿನ್ಯಾಗ ಉಳದ್ರೂ ಯಾರೂ ಏನೂ ಅನ್ನೂದಿಲ್ರಿ. ಆವತ್ತು ಎಲ್ಲಾರೂ ಇಳದಿರ್ತಾರ, ಡೆಕ್ ಖಾಲಿ ಇರ್ತೈತಿ.

ವಾಪಸ್ ಬರೋ ಗಡುವಿಗಿಂತ ಒಂದು ತಾಸು ಮೊದಲ ಗೇಟಿಗೆ ಮುಟ್ರಿ. ಹಡಗಿನವರು ಏರ್ಪಾಟ ಮಾಡಿದ ಬಸ್ ತಡ ಆದ್ರ ಹಡಗ ಕಾಯ್ತೈತಿ, ನೀವ ಮಾಡಿಕೊಂಡ ಟ್ಯಾಕ್ಸಿ ತಡ ಆದ್ರ ಕಾಯೂದಿಲ್ಲ. ಗುರುತಿನ ಚೀಟಿ, ದಿನದ ಗುಳಿಗಿ ಕೋಣೆಯಾಗ ಬಿಟ್ಟು ಇಳೀಬ್ಯಾಡ್ರಿ.

ಮಾಟುಂಗಾ_ಲೆಕ್ಕಪತ್ರ

ಖರ್ಚಿನ ಬಾಬತ್ತು. ಜಾಹೀರಾತಿನ ದರ 'ತಲಾ, ಒಂದು ಕೋಣೆಗೆ ಇಬ್ಬರಂತೆ' ಇರುತ್ತದೆ. ಅದರ ಮೇಲೆ ಬಂದರು ಶುಲ್ಕ, ಸೇವಾ ಶುಲ್ಕ, ಜಿಎಸ್‌ಟಿ. ಬೆಲೆ ಹೋಲಿಸುವಾಗ ಕೊನೆಯ ಪುಟದವರೆಗೆ ಹೋಗಿ, ಹಣ ಕಟ್ಟುವ ಗುಂಡಿಯ ಮೇಲಿರುವ ಮೊತ್ತವನ್ನೇ ಬರೆದುಕೊಳ್ಳಿ. ಅದನ್ನು ಐದರಿಂದ, ಆಮೇಲೆ ರಾತ್ರಿಗಳಿಂದ ಭಾಗಿಸಿ. ಗೋವಾದ ಹೋಟೆಲಿಗೂ ಹೀಗೇ ಮಾಡಿ, ಆದರೆ ಅದಕ್ಕೆ ರೈಲು, ಟ್ಯಾಕ್ಸಿ, ಮೂರು ಹೊತ್ತಿನ ಊಟ ಕೂಡಿಸಲು ಮರೆಯಬೇಡಿ. ಎಷ್ಟೋ ಸಲ ಎರಡೂ ಹತ್ತಿರ ಹತ್ತಿರ ಬರುತ್ತವೆ.

ದರದೊಳಗೆ ಬರುವುದು ಕೋಣೆ, ಮುಖ್ಯ ಊಟದ ಹಾಲ್, ಬಫೆ, ಈಜುಕೊಳ, ಹೆಚ್ಚಿನ ಪ್ರದರ್ಶನಗಳು. ಹೊರಗೆ ಉಳಿಯುವುದು ತಂಪು ಪಾನೀಯ, ಮದ್ಯ, ವಿಶೇಷ ರೆಸ್ಟೋರೆಂಟ್, ವೈಫೈ, ಸ್ಪಾ, ಅವರು ತೆಗೆಯುವ ಫೋಟೋ, ದಡದ ಸುತ್ತಾಟ, ಡಾಕ್ಟರ್ ಫೀಸು. ಒಳಗೆ ನಗದು ನಡೆಯುವುದಿಲ್ಲ, ಕೋಣೆಯ ಕಾರ್ಡ್ ಉಜ್ಜಿದರೆ ಖಾತೆಗೆ ಏರುತ್ತದೆ. ಮಗಳ ಕಾರ್ಡಿನಲ್ಲಿ ಖರ್ಚು ಬಂದ್ ಮಾಡಿಸಿ. ಪ್ರತಿ ರಾತ್ರಿ ಬಿಲ್ ನೋಡಿ, ಕೊನೆಯ ಬೆಳಿಗ್ಗೆ ತಕರಾರು ಹೇಳಲು ಹೋದರೆ ಕೌಂಟರಿನಲ್ಲಿ ಉದ್ದ ಸಾಲು. ಮೊಬೈಲನ್ನು ಬಂದರು ಬಿಡುವ ಮೊದಲೇ ಏರೋಪ್ಲೇನ್ ಮೋಡ್‌ಗೆ ಹಾಕಿ. ದಡದ ಸಿಗ್ನಲ್ ಹೋದಮೇಲೆ ಅದು ಹಡಗಿನ ಸ್ಯಾಟಲೈಟ್ ನೆಟ್‌ವರ್ಕ್ ಹಿಡಿದುಬಿಟ್ಟರೆ ರೋಮಿಂಗ್ ಬಿಲ್ ಸಾವಿರಗಳಲ್ಲಿ ಬರಬಹುದು.

ಸಿಂಗಾಪುರದ್ದು ಬೇರೆಯೇ ಲೆಕ್ಕ. ವಿಮಾನ, ವೀಸಾ, ಹಿಂದಿನ ರಾತ್ರಿ ಅಲ್ಲಿ ಹೋಟೆಲ್. ಅದೇ ದಿನ ಇಳಿದು ಅದೇ ದಿನ ಹಡಗು ಹತ್ತುವ ಧೈರ್ಯ ಬೇಡ, ವಿಮಾನ ತಡವಾದರೆ ಹಡಗು ಹೋಗಿರುತ್ತದೆ. ಹಡಗು ಸಿಂಗಾಪುರ ಬಿಟ್ಟು ಮತ್ತೆ ಅಲ್ಲಿಗೇ ಬರುವುದರಿಂದ ವೀಸಾದಲ್ಲಿ ಹಲವು ಸಲದ ಪ್ರವೇಶ ಎಂದು ಇದೆಯೇ ನೋಡಿ. ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಉಳಿದಿರಬೇಕು. ವಿದೇಶಿ ಹಡಗುಗಳಲ್ಲಿ ಟಿಪ್ಸ್ ಎಂದು ದಿನಕ್ಕೆ ತಲಾ ಸುಮಾರು 16ರಿಂದ 20 ಡಾಲರ್ ತಾನಾಗಿಯೇ ಸೇರುತ್ತದೆ. 18 ಡಾಲರ್ ಹಿಡಿದರೂ ಐದು ಜನ, ನಾಲ್ಕು ದಿನ, 360 ಡಾಲರ್. ವಿದೇಶಿ ಪ್ಯಾಕೇಜಿಗೆ ಏಜೆಂಟರು ಟಿಸಿಎಸ್, ಅಂದರೆ ಮೊದಲೇ ವಸೂಲು ಮಾಡುವ ಆದಾಯ ತೆರಿಗೆ, ಹಿಡಿಯುತ್ತಾರೆ. ಅದು ಕಳೆದುಹೋಗುವ ದುಡ್ಡಲ್ಲ, ರಿಟರ್ನ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು. ಬಿಲ್ಲನ್ನು ರಿಟರ್ನ್ ಸಲ್ಲಿಸುವವರ ಪ್ಯಾನ್‌ನಲ್ಲೇ ಮಾಡಿಸಿ. ವಿಮೆ ಮಾಡಿಸುವಾಗ ಬಿಪಿ, ಪ್ರಾಸ್ಟೇಟ್ ಎಲ್ಲ ಬರೆಸಿ. ಮುಚ್ಚಿಟ್ಟರೆ ಕ್ಲೇಮ್ ತಿರಸ್ಕರಿಸಲು ಅದೇ ಕಾರಣವಾಗುತ್ತದೆ.

ಠಾಣೆ_ಸೊಸೆ

ಎಲ್ಲರಿಗೂ ತುಂಬಾ ಧನ್ಯವಾದ. ಲಕ್ಷದ್ವೀಪ, ಸಿಂಗಾಪುರ ಎರಡನ್ನೂ ಬಿಟ್ಟೆವು. ವಾರದ ನಡುವೆ ಹೊರಡುವ ಗೋವಾ ಹಡಗು ಎಂದು ಮನೆಯಲ್ಲಿ ಒಪ್ಪಿಗೆಯಾಗಿದೆ. ಇನ್ನು ಎರಡು ಪ್ರಶ್ನೆ: ಐದು ಜನಕ್ಕೆ ಕೋಣೆ ಹೇಗೆ ಹಂಚಿಕೊಳ್ಳುವುದು? ಅತ್ತೆಯ ಊಟಕ್ಕೆ ಮನೆಯಿಂದ ಏನಾದರೂ ಒಯ್ಯಬಹುದೇ?

ಬಲ್ಲಾರ್ಡ್_ಪಿಯರ್

ಊಟ ಮೊದಲು. ಮುಂಬೈಯಿಂದ ಹೊರಡುವ ಹಡಗಿನಲ್ಲಿ ಜೈನ ಊಟ ಸಿಗುತ್ತದೆ, ಅದರಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇರುವುದಿಲ್ಲ. ಬುಕಿಂಗ್‌ನಲ್ಲೇ ಬರೆಸಿ, ಹತ್ತಿದ ದಿನ ಊಟದ ಹಾಲಿನ ಮೇಲ್ವಿಚಾರಕರಿಗೆ ಮತ್ತೊಮ್ಮೆ ಬಾಯಲ್ಲಿ ಹೇಳಿ. ಮನೆ ಅಡುಗೆಯನ್ನು ತಪಾಸಣೆಯಲ್ಲಿ ತೆಗೆದಿಡುತ್ತಾರೆ. ಕೆಟಲ್, ಇಸ್ತ್ರಿ ಪೆಟ್ಟಿಗೆಯನ್ನೂ ಬೆಂಕಿಯ ಭಯಕ್ಕೆ ಬಿಡುವುದಿಲ್ಲ.

ಇನ್ನು ಕೋಣೆ. ಅತ್ತೆ-ಮಾವನಿಗೆ ಒಂದು, ನಿಮ್ಮ ಮೂವರಿಗೆ ಒಂದು, ಅಕ್ಕಪಕ್ಕ ಅಥವಾ ಎದುರುಬದುರು. ಮೂರನೆಯ ಹಾಸಿಗೆ ಗೋಡೆಯಿಂದ ಇಳಿಬಿಡುವ ಮೇಲ್ಮಂಚ, ಏಣಿ ಹತ್ತಬೇಕು. ಮಗಳಿಗೆ ಅದು ಸರಿ. ಹಿರಿಯರನ್ನು ನಾಲ್ಕು ಜನರ ಕೋಣೆಗೆ ಸೇರಿಸಿ ದುಡ್ಡು ಉಳಿಸಲು ಹೋಗಬೇಡಿ. ಹಿರಿಯರ ಕೋಣೆಗೆ ಕಿಟಕಿ ಇರಲಿ, ಕಿಟಕಿಯಿಲ್ಲದ ಕೋಣೆಯಲ್ಲಿ ಬೆಳಗಾದದ್ದೇ ತಿಳಿಯುವುದಿಲ್ಲ. ನೀವು ಮೂವರು ಒಳಗಿನ ಕೋಣೆಯಲ್ಲಿ ನಿಭಾಯಿಸಬಹುದು, ಮಗಳಿಗೆ ಹೊಟ್ಟೆ ತೊಳಸಿದರೆ ಡಾಕ್ಟರ್ ಹೇಳಿದಂತೆ ಡೆಕ್‌ಗೆ ಕರೆದೊಯ್ಯಿರಿ. ಬಾಲ್ಕನಿಗೆ ದುಡ್ಡು ಸುರಿಯಬೇಡಿ, ಮೂರು ದಿನದಲ್ಲಿ ಅಲ್ಲಿ ಕೂರುವ ಹೊತ್ತು ಕಡಿಮೆ.

ಡೆಕ್‌ನ ನಕ್ಷೆ ತೆರೆದು ನಿಮ್ಮ ಕೋಣೆಯ ಮೇಲಿನ ಡೆಕ್‌ನಲ್ಲಿ ಏನಿದೆ, ಕೆಳಗೆ ಏನಿದೆ ನೋಡಿ. ಮೇಲೆ ಈಜುಕೊಳವಿದ್ದರೆ ಬೆಳಗಿನ ಜಾವ ಕುರ್ಚಿ ಎಳೆಯುವ ಸದ್ದು, ಕೆಳಗೆ ಥಿಯೇಟರ್ ಇದ್ದರೆ ರಾತ್ರಿ ಸದ್ದು. ಮೇಲೂ ಕೆಳಗೂ ಬರೀ ಕೋಣೆಗಳೇ ಇರುವ ಜಾಗ ಆರಿಸಿ. ಲಿಫ್ಟ್‌ನಿಂದ ಆರೇಳು ಬಾಗಿಲು ಆಚೆ ಇರಲಿ, ಪಕ್ಕದಲ್ಲೇ ಬೇಡ. ಕೆಲವು ಕಿಟಕಿಗಳಿಗೆ ಜೀವರಕ್ಷಕ ದೋಣಿ ಅಡ್ಡ ನೇತಾಡುತ್ತದೆ, ನಕ್ಷೆಯಲ್ಲಿ ಅದರ ಗುರುತಿರುತ್ತದೆ.

ಹೊರಡುವ ದಿನ ಸಿಎಸ್‌ಎಂಟಿಯಿಂದ ಹಡಗು ಹತ್ತುವ ಬಲ್ಲಾರ್ಡ್ ಪಿಯರ್‌ಗೆ ಟ್ಯಾಕ್ಸಿ ಮಾಡಿ. ದೂರ ಎರಡು ಕಿಲೋಮೀಟರ್ ಒಳಗೇ, ಆದರೆ ಪೆಟ್ಟಿಗೆ, ಅತ್ತೆಯವರೊಂದಿಗೆ ನಡೆಯಲಾಗದು. ಟಿಕೆಟಿನಲ್ಲಿ ಕೊಟ್ಟ ಹೊತ್ತಿಗೇ ಬನ್ನಿ, ಐದೂ ಜನರ ಮೂಲ ಗುರುತಿನ ಚೀಟಿ ಕೈಯಲ್ಲಿರಲಿ. ಕೌಂಟರಿನಲ್ಲಿ ಕೊಟ್ಟ ಪೆಟ್ಟಿಗೆ ಕೋಣೆಗೆ ಬರಲು ಮೂರು ನಾಲ್ಕು ಗಂಟೆಯಾದರೂ ಆಗಬಹುದು. ಮಾತ್ರೆಗಳು, ಒಂದು ಜೊತೆ ಬಟ್ಟೆ, ಮಗಳ ಈಜುಡುಗೆ ಕೈಚೀಲದಲ್ಲಿರಲಿ. ಹೊರಡುವ ಮುಂಚೆ ಸುರಕ್ಷತಾ ಡ್ರಿಲ್‌ಗೆ ಕರೆಯುತ್ತಾರೆ, ಸೈರನ್ ಏಳು ಸಲ ಚಿಕ್ಕದಾಗಿ, ಒಂದು ಸಲ ಉದ್ದಕ್ಕೆ ಕೂಗುತ್ತದೆ. 2012ರ ಕೋಸ್ಟಾ ಕಾಂಕೋರ್ಡಿಯಾ ಹಡಗಿನ ದುರಂತದಲ್ಲಿ 32 ಜನ ತೀರಿಕೊಂಡ ಮೇಲೆ, ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಇದನ್ನು ಮುಗಿಸಬೇಕೆಂಬ ನಿಯಮ 2015ರಿಂದ ಬಂದಿದೆ. ಅತ್ತೆಯವರು ಯಾವ ಜಾಗಕ್ಕೆ ಸೇರಬೇಕು, ಅವರನ್ನು ಯಾರು ಕರೆದೊಯ್ಯುತ್ತಾರೆ ಎಂದು ಆಗಲೇ ಸಿಬ್ಬಂದಿಯನ್ನು ಕೇಳಿಕೊಳ್ಳಿ.

ಬುಕಿಂಗ್ ಮಾಡುವಾಗ ಅಗ್ಗದ 'ಗ್ಯಾರಂಟಿ ಕೋಣೆ' ತೆಗೆದುಕೊಳ್ಳಬೇಡಿ. ಅದರಲ್ಲಿ ಕೋಣೆ ಯಾವುದೆಂದು ಅವರು ಆಮೇಲೆ ನಿರ್ಧರಿಸುತ್ತಾರೆ, ಎರಡು ಕೋಣೆ ಎರಡು ತುದಿಗೆ ಬೀಳಬಹುದು. ಕನ್ಫರ್ಮೇಶನ್ ಕೈಗೆ ಬಂದ ದಿನವೇ ಎರಡೂ ಕೋಣೆಯ ನಂಬರು, ಗಾಲಿಕುರ್ಚಿ, ಜೈನ ಊಟ, ಈ ಮೂರೂ ಅದರಲ್ಲಿ ಅಚ್ಚಾಗಿವೆಯೇ ನೋಡಿ. ಇಲ್ಲದಿದ್ದರೆ ಅಂದೇ ಇಮೇಲ್ ಹಾಕಿ ಬರೆಸಿಕೊಳ್ಳಿ, ಫೋನಿನಲ್ಲಿ ಹೇಳಿದ್ದು ಬಂದರಿನ ಕೌಂಟರಿನವರಿಗೆ ಗೊತ್ತಿರುವುದಿಲ್ಲ.